ಹೋಂಸ್ಟೇ, ಜೀಪು, ದೇವಸ್ಥಾನದ ಅಂಗಳ: ಅತಿಥಿಗಳೊಡನೆ ಆಡಲು ಬೇಕಾದಷ್ಟು ಇಂಗ್ಲಿಷ್

ಶನಿವಾರ ಬೆಳಗಾಯಿತೆಂದರೆ ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನಗಳ ಸಾಲು. ಬೆಂಗಳೂರಿನಿಂದ ಬಂದವರೆಂದ ಮಾತ್ರಕ್ಕೆ ಅವರಿಗೆಲ್ಲ ಕನ್ನಡ ಬರುತ್ತದೆ ಎಂದೇನಿಲ್ಲ. ಬೇಲೂರು, ಹಳೇಬೀಡಿನ ಕಡೆ ವಿದೇಶಿಯರೂ ಬರುತ್ತಾರೆ. ಈ ಎರಡು ಊರಿನ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ತೋಟದ ಮನೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟವರು, ಜೀಪು ಓಡಿಸುವವರು, ದೇವಸ್ಥಾನದ ಮುಂದೆ ನಿಲ್ಲುವ ಗೈಡುಗಳು, ಹೆದ್ದಾರಿ ಬದಿಯಲ್ಲಿ ಕಾಫಿಪುಡಿ ಮಾರುವವರು ಎಲ್ಲರಿಗೂ ಈಗ ಒಂದಿಷ್ಟು ಇಂಗ್ಲಿಷ್ ಬೇಕು. ಆ ಒಂದಿಷ್ಟನ್ನು ಕಲಿಯಲು ಹೊರಟವರ ಕೈಗೆ ಸಿಗುವ ಪುಸ್ತಕಗಳು ಮಾತ್ರ ಕ್ರಿಯಾಪದದ ಹನ್ನೆರಡು ಕಾಲಗಳಿಂದ ಶುರುವಾಗುತ್ತವೆ. ಎಂಟನೆಯ ಪುಟದಲ್ಲಿ ಉತ್ಸಾಹ ಇಂಗುತ್ತದೆ.

ಕಾಲಗಳನ್ನು ಆಮೇಲೆ ನೋಡಿಕೊಳ್ಳೋಣ. ನಿಮ್ಮ ಕೆಲಸದಲ್ಲಿ ದಿನವೂ ಬರುವ ಸಂದರ್ಭಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ. ಒಂದೊಂದು ಸಂದರ್ಭಕ್ಕೂ ಒಂದು ವಾಕ್ಯವನ್ನು ಬಿಡಿಸದೆ, ಇಡಿಯಾಗಿ ಬಾಯಿಗೆ ತಂದುಕೊಳ್ಳುವುದೇ ಇಲ್ಲಿ ಹೇಳುವ ವಿಧಾನ.

ಮೊದಲು ಕನ್ನಡದಲ್ಲೇ ಬರೆಯಿರಿ

ಒಂದು ವಾರಾಂತ್ಯ ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡು, ಅತಿಥಿಗಳಿಗೆ ನೀವು ಹೇಳಿದ, ಹೇಳಬೇಕೆಂದುಕೊಂಡು ಬಿಟ್ಟ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆಯಿರಿ. "ಬಿಸಿನೀರಿಗೆ ಹತ್ತು ನಿಮಿಷ ಬೇಕು." "ಕತ್ತಲಾದ ಮೇಲೆ ಹೊರಗೆ ಹೋಗಬೇಡಿ." "ಈ ತಿರುವಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ." ಪಟ್ಟಿ ಮೂವತ್ತು ನಲವತ್ತು ವಾಕ್ಯ ದಾಟಿದರೆ ನನಗೆ ಆಶ್ಚರ್ಯ. ಸಕಲೇಶಪುರದ ಜೀಪಿನವರ ಪಟ್ಟಿ ಬೇರೆ, ಶ್ರವಣಬೆಳಗೊಳದ ಅಂಗಡಿಯವರ ಪಟ್ಟಿ ಬೇರೆ. ಯಾರೋ ಮಾಡಿದ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಇದು ವಾಸಿ, ಏಕೆಂದರೆ ಮುಂದಿನ ಶನಿವಾರವೇ ಇದು ಬಳಕೆಗೆ ಬರುತ್ತದೆ.

ಆ ಪಟ್ಟಿಗಿಂತ ಮೊದಲು ಕಲಿಯಬೇಕಾದ ಎರಡು ವಾಕ್ಯಗಳಿವೆ. ಎದುರಿನವರ ಮಾತು ತಿಳಿಯದಿದ್ದಾಗ "ಸಾರಿ, ಐ ಡಿಡಂಟ್ ಕ್ಯಾಚ್ ದಟ್" ಎನ್ನಿ. ಅದರ ಬೆನ್ನಿಗೆ "ಕುಡ್ ಯು ಸೇ ದಟ್ ಸ್ಲೋಲಿ, ಪ್ಲೀಸ್?" ಎಂದು ಸೇರಿಸಿ. ಅರ್ಥವಾಗದಿದ್ದರೂ ತಲೆಯಾಡಿಸಿ ನಗುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ಬೆಳಿಗ್ಗೆ ಐದಕ್ಕೆ ಜೀಪು ಬೇಕೆಂದು ಕೇಳಿದವರಿಗೆ ಹಾಗೆ ತಲೆಯಾಡಿಸಿದರೆ, ಐದಕ್ಕೆ ಅವರು ಅಂಗಳದಲ್ಲಿ ನಿಂತಿರುತ್ತಾರೆ, ಜೀಪು ಇರುವುದಿಲ್ಲ. ಅಂದ ಹಾಗೆ, ನಾವು ಒಪ್ಪಿಗೆಗೆ ತಲೆಯನ್ನು ಪಕ್ಕಕ್ಕೆ ಓಲಾಡಿಸುವುದು ಹಲವು ವಿದೇಶಿಯರಿಗೆ "ಇಲ್ಲ" ಎಂಬಂತೆ ಕಾಣುತ್ತದೆ. ಅವರೊಂದಿಗೆ ಬಾಯಿಬಿಟ್ಟೇ "ಯೆಸ್" ಎನ್ನಿ.

ಫೋನಿನಲ್ಲಿ

ಮುಖ ಕಾಣದ ಮಾತು ಎಲ್ಲಕ್ಕಿಂತ ಕಷ್ಟ. ಕೋಣೆ ತುಂಬುವುದೂ ಅಲ್ಲಿಂದಲೇ. ಕರೆ ಬಂದ ಕೂಡಲೇ "ಹೂ ಆರ್ ಯು?" ಎಂದು ಕೇಳಬೇಡಿ, ಅದು "ಯಾರಯ್ಯಾ ನೀನು?" ಎಂದಂತೆ ಕೇಳಿಸುತ್ತದೆ. "ಮೇ ಐ ನೋ ಹೂಸ್ ಕಾಲಿಂಗ್?" ಎಂದರೆ ಅದೇ ಪ್ರಶ್ನೆಗೆ ಮರ್ಯಾದೆ ಬರುತ್ತದೆ. "ಹೇಳಿ" ಎಂಬುದನ್ನು "ಟೆಲ್ ಮಿ" ಎಂದು ಇಳಿಸುವ ಬದಲು "ಹೌ ಕ್ಯಾನ್ ಐ ಹೆಲ್ಪ್ ಯು?" ಎನ್ನಿ.

ಕೋಣೆ ಕೇಳಿದವರಿಂದ ನಿಮಗೆ ಬೇಕಾದ ಮಾಹಿತಿ ಮೂರು ನಾಲ್ಕು ಮಾತ್ರ. "ಫಾರ್ ವಿಚ್ ಡೇಟ್ಸ್?", "ಹೌ ಮೆನಿ ಆಫ್ ಯು?", "ಎನಿ ಚಿಲ್ಡ್ರನ್?" ಕೋಣೆ ಖಾಲಿ ಇಲ್ಲದಿದ್ದರೆ "ನೋ ರೂಮ್" ಎಂದು ಫೋನ್ ಇಡದೆ "ಐ ಆಮ್ ಅಫ್ರೇಡ್ ವಿ ಆರ್ ಫುಲ್ಲಿ ಬುಕ್ಡ್ ದಟ್ ವೀಕೆಂಡ್" ಎನ್ನಿ. ಇಲ್ಲಿನ "ಅಫ್ರೇಡ್" ಭಯದ್ದಲ್ಲ. ಕಹಿ ಸುದ್ದಿಗೆ ಮುಂಚೆ "ಬೇಸರದ ವಿಷಯ, ಆದರೆ" ಎಂದು ಪೀಠಿಕೆ ಹಾಕುವ ರೀತಿ. "ಐ ಆಮ್ ಅಫ್ರೇಡ್" ಎಂಬ ಈ ಪೀಠಿಕೆಯನ್ನು ಯಾವ ನಿರಾಕರಣೆಯ ಮುಂದೆಯೂ ಹಚ್ಚಬಹುದು.

ಗಿರಿಶ್ರೇಣಿಯ ನಡುವೆ ಸಿಗ್ನಲ್ ಬಂದು ಹೋಗಿ ಆಡುತ್ತಿದ್ದರೆ "ಯು ಆರ್ ಬ್ರೇಕಿಂಗ್ ಅಪ್. ಐ ವಿಲ್ ಕಾಲ್ ಯು ಬ್ಯಾಕ್." ಎನ್ನಿ. ಯಾರನ್ನಾದರೂ ಕರೆಯಲು ಒಳಗೆ ಹೋಗುವಾಗ "ಹ್ಯಾಂಗ್ ಆನ್ ಎ ಸೆಕೆಂಡ್" ಸಾಕು, ಹಿರಿಯರಾದರೆ "ಕುಡ್ ಯು ಹೋಲ್ಡ್ ಆನ್, ಪ್ಲೀಸ್?"

ಹೌದು ಮತ್ತು ಇಲ್ಲ

ವ್ಯಾಕರಣ ಬಿಡಿ ಎಂದೆನಾದರೂ ಈ ಒಂದು ವಿಷಯಕ್ಕೆ ಸ್ವಲ್ಪ ಹೊತ್ತು ಕೂರಲೇಬೇಕು. ಒಳ್ಳೆಯ ಇಂಗ್ಲಿಷ್ ಬಲ್ಲವರೂ ಇಲ್ಲಿ ಎಡವುತ್ತಾರೆ.

ಅತಿಥಿ "ಡೋಂಟ್ ಯು ಹ್ಯಾವ್ ಹಾಟ್ ವಾಟರ್?" ಎಂದು ಕೇಳುತ್ತಾರೆ. ಬಿಸಿನೀರು ಇಲ್ಲ. "ಬಿಸಿನೀರು ಇಲ್ಲವೇ?" ಎಂಬ ಪ್ರಶ್ನೆಗೆ ಕನ್ನಡದಲ್ಲಿ ನಾವು "ಹೌದು, ಇಲ್ಲ" ಎನ್ನಬಹುದು, ಏಕೆಂದರೆ ಕೇಳಿದವರ ಊಹೆ ಸರಿ ಎಂದು ಒಪ್ಪುತ್ತಿದ್ದೇವೆ. ಅದೇ ಅಭ್ಯಾಸದಲ್ಲಿ "ಯೆಸ್" ಎಂದುಬಿಡುತ್ತೇವೆ. ಅತಿಥಿ ಬಿಸಿನೀರು ಇದೆಯೆಂದು ತಿಳಿದು ಟವೆಲ್ ಹಿಡಿದು ಸ್ನಾನದ ಮನೆಗೆ ನಡೆಯುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗಿದ್ದರೂ ಲೆಕ್ಕ ಒಂದೇ: ವಸ್ತು ಇದ್ದರೆ "ಯೆಸ್", ಇಲ್ಲದಿದ್ದರೆ "ನೋ". "ನೋ, ವಿ ಡೋಂಟ್. ನಾಟ್ ಟಿಲ್ ಸೆವೆನ್." ಬರೀ ಯೆಸ್, ನೋ ಹೇಳಿ ನಿಲ್ಲಿಸದೆ ಹಿಂದೆ ಎರಡು ಪದ ಸೇರಿಸಿದರೆ ತಪ್ಪಿದ್ದೂ ತಿದ್ದಿಹೋಗುತ್ತದೆ.

ಇದಕ್ಕಿಂತ ತೊಡಕಿನದು "ವುಡ್ ಯು ಮೈಂಡ್" ಎಂದು ಆರಂಭವಾಗುವ ಪ್ರಶ್ನೆ. "ವುಡ್ ಯು ಮೈಂಡ್ ಇಫ್ ವಿ ಸಿಟ್ ಹಿಯರ್?" ಎಂದರೆ "ನಾವಿಲ್ಲಿ ಕೂತರೆ ನಿಮ್ಮ ಅಭ್ಯಂತರ ಇದೆಯೇ?" ಎಂದು. ಉದಾರವಾಗಿ "ಯೆಸ್, ಯೆಸ್" ಎಂದರೆ "ಅಭ್ಯಂತರ ಇದೆ" ಎಂದಂತಾಯಿತು. "ನೋ, ಗೋ ಅಹೆಡ್" ಎನ್ನಬೇಕು, ಅಥವಾ ಎಲ್ಲ ಗೊಂದಲ ಬಿಟ್ಟು "ಶೂರ್, ಪ್ಲೀಸ್" ಎಂದು ಕೈ ತೋರಿಸಿ. ತರಗೆಲೆ ಒಣಗಿರುವ ಮಾರ್ಚ್ ತಿಂಗಳಲ್ಲಿ ತೋಟದ ನಡುವೆ ಸಿಗರೇಟು ಹಚ್ಚಬಹುದೇ ಎಂದು ಅವರು ಇದೇ ಧಾಟಿಯಲ್ಲಿ ಕೇಳಿದರೆ, ಯೆಸ್ ನೋ ಎರಡನ್ನೂ ಬಿಟ್ಟು "ಪ್ಲೀಸ್ ಡೋಂಟ್ ಸ್ಮೋಕ್ ಹಿಯರ್. ದ ಲೀವ್ಸ್ ಆರ್ ವೆರಿ ಡ್ರೈ" ಎಂದು ನೇರವಾಗಿಯೇ ಹೇಳಿ.

ಮೂರನೆಯದು ಊಟದ ಎಲೆಯ ಮುಂದೆ ಬರುತ್ತದೆ. ಇನ್ನೊಂದು ಅಕ್ಕಿರೊಟ್ಟಿ ಹಾಕಲೇ ಎಂದು ಕೇಳಿದಾಗ ಅತಿಥಿ "ಐ ಆಮ್ ಗುಡ್" ಎನ್ನುತ್ತಾರೆ. ತಾವು ಒಳ್ಳೆಯವರೆಂದು ಹೇಳಿಕೊಳ್ಳುತ್ತಿಲ್ಲ; "ಬೇಡ, ಸಾಕು" ಎನ್ನುತ್ತಿದ್ದಾರೆ. "ಐ ಆಮ್ ಫೈನ್, ಥ್ಯಾಂಕ್ಸ್" ಎಂಬುದೂ ಅಷ್ಟೆ. ನಮ್ಮಲ್ಲಿ ಬೇಡವೆಂದವರಿಗೆ ಎರಡು ಸಲ ಒತ್ತಾಯ ಮಾಡುವುದು ವಾಡಿಕೆ. ಅವರು ಒಮ್ಮೆ ಬೇಡವೆಂದರೆ ಬೇಡವೆಂದೇ ಅರ್ಥ.

ಬಡಿಸುವಾಗ

ಕನ್ನಡದಲ್ಲಿ "ಬನ್ನಿ", "ತಗೊಳ್ಳಿ" ಎಂದಾಗ ಗೌರವ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲವಿಲ್ಲ. "ಕಮ್", "ಟೇಕ್", "ಸಿಟ್" ಎಂದು ಬಿಡಿಬಿಡಿಯಾಗಿ ಹೇಳಿದರೆ ಅಪ್ಪಣೆ ಮಾಡಿದಂತಾಗುತ್ತದೆ, ನಿಮ್ಮ ಮುಖದಲ್ಲಿ ಎಷ್ಟೇ ನಗುವಿದ್ದರೂ. ಅಲ್ಲಿ ಗೌರವ ವಾಕ್ಯದ ಮುಂಭಾಗಕ್ಕೆ ಬರಬೇಕು: "ವುಡ್ ಯು ಲೈಕ್ ಸಮ್ ಮೋರ್?", "ಪ್ಲೀಸ್ ಹ್ಯಾವ್ ಎ ಸೀಟ್", "ಕುಡ್ ಯು ವೇಟ್ ಫೈವ್ ಮಿನಿಟ್ಸ್?" "ಯು ವಾಂಟ್ ಮೋರ್?" ಎಂದರೂ ಅರ್ಥವಾಗುತ್ತದೆ, ಆದರೆ ಒರಟು.

ಅಡುಗೆಗೆ ಮುಂಚೆಯೇ "ಆರ್ ಯು ಅಲರ್ಜಿಕ್ ಟು ಎನಿಥಿಂಗ್?" ಎಂದು ಕೇಳಿ. ಕಡಲೆಕಾಯಿ ಬಿದ್ದರೆ ಮೈ ಊದಿಕೊಳ್ಳುವವರು ಇರುತ್ತಾರೆ, ಇದು ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ. "ಹಾಟ್" ಎಂದರೆ ಬಿಸಿಯೂ ಹೌದು, ಖಾರವೂ ಹೌದು. ಗೊಂದಲ ಬೇಡವಾದರೆ ಖಾರಕ್ಕೆ "ಸ್ಪೈಸಿ" ಎನ್ನಿ. ಕಡುಬು, ಪತ್ರೊಡೆ, ಕಳಲೆ ಪಲ್ಯಗಳಿಗೆ ಇಂಗ್ಲಿಷ್ ಹೆಸರು ಹುಡುಕಿ ಒದ್ದಾಡಬೇಕಾಗಿಲ್ಲ. ಹೆಸರನ್ನು ಹಾಗೆಯೇ ಹೇಳಿ, ಹಿಂದೆ ಒಂದು ವಿವರಣೆ ಕೊಡಿ: "ದಿಸ್ ಈಸ್ ಕಡುಬು. ಇಟ್ಸ್ ಸ್ಟೀಮ್ಡ್ ರೈಸ್." "ದಿಸ್ ಈಸ್ ಕಳಲೆ, ಬ್ಯಾಂಬೂ ಶೂಟ್." ಅವರು ನೆನಪಿಟ್ಟುಕೊಂಡು ಹೋಗುವುದು ಆ ಹೆಸರನ್ನೇ.

ಕಾಫಿಗೆ "ಹೌ ಡು ಯು ಟೇಕ್ ಯುವರ್ ಕಾಫಿ?" ಎಂಬುದು ಸೊಗಸಾದ ಪ್ರಶ್ನೆ. ಹಾಲು, ಸಕ್ಕರೆ, ಡಿಕಾಕ್ಷನ್ ಪ್ರಮಾಣ ಎಲ್ಲಕ್ಕೂ ಇದೊಂದರಲ್ಲೇ ಉತ್ತರ ಸಿಗುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ ಎನ್ನಲು "ಇಟ್ಸ್ ಆನ್ ದ ಹೌಸ್". ಅವರೇ ಬಡಿಸಿಕೊಳ್ಳಲಿ ಎಂದಾದರೆ "ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್".

ಜೀಪಿನಲ್ಲಿ, ತೋಟದಲ್ಲಿ

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನವರು "ಕುಡ್ ಯು ಪುಲ್ ಓವರ್?" ಎಂದರೆ ತಕ್ಷಣ ಜಾಗ ನೋಡಿ ಗಾಡಿಯನ್ನು ಬದಿಗೆ ಹಾಕಿ. ಹೊಟ್ಟೆ ತೊಳೆಸುತ್ತಿದೆ ಎಂದು ಅವರು ಹೇಳುವುದು "ಐ ಫೀಲ್ ಕಾರ್‌ಸಿಕ್" ಎಂದು. ನೀವಾಗಿಯೇ "ಶಲ್ ಐ ಸ್ಲೋ ಡೌನ್?" ಎಂದು ಕೇಳಿದರೆ ಸೀಟೂ ಉಳಿಯುತ್ತದೆ. ಜೀಪು ಕುಲುಕುವ ದಾರಿಗೆ "ಹೋಲ್ಡ್ ಟೈಟ್, ಇಟ್ಸ್ ಎ ಬಂಪಿ ರೈಡ್".

ದಾರಿ ಹೇಳುವುದಕ್ಕೆ "ಗೋ ಸ್ಟ್ರೈಟ್, ಟೇಕ್ ದ ಸೆಕೆಂಡ್ ಲೆಫ್ಟ್, ಇಟ್ಸ್ ಆನ್ ಯುವರ್ ರೈಟ್" ಎಂಬ ಒಂದೇ ಅಚ್ಚು ಸಾಕು, ಪದ ಬದಲಿಸುತ್ತ ಹೋಗಿ. ಆದರೆ ನಮ್ಮ "ಇಲ್ಲೇ ಹತ್ತಿರ" ಎಂಬ ಅಳತೆಯನ್ನು ಇಂಗ್ಲಿಷಿಗೆ ತರಬೇಡಿ. ಬೇಲೂರಿನಿಂದ ಹಳೇಬೀಡು ಸುಮಾರು 16 ಕಿಲೋಮೀಟರ್. "ಅಬೌಟ್ ಹಾಫ್ ಆನ್ ಅವರ್ ಬೈ ಕಾರ್" ಎಂದು ಸಮಯದಲ್ಲೇ ಹೇಳಿ. ನಡೆಯುವ ದಾರಿ ದೂರವಿದ್ದರೆ "ಇಟ್ಸ್ ಕ್ವೈಟ್ ಎ ವಾಕ್".

ಮಳೆಗಾಲದಲ್ಲಿ ಇಂಬಳದ ಪ್ರಸಂಗ ತಪ್ಪಿದ್ದಲ್ಲ. "ದೇರ್ ಆರ್ ಲೀಚಸ್. ಚೆಕ್ ಯುವರ್ ಸಾಕ್ಸ್." ಎಂದು ಹೊರಡುವ ಮುನ್ನವೇ ಹೇಳಿ. ಹತ್ತಿದ ಮೇಲೆ ಕಿರುಚುವವರಿಗೆ "ಡೋಂಟ್ ವರಿ, ಇಟ್ಸ್ ನಾಟ್ ಡೇಂಜರಸ್". ಜಾರುವ ಕಲ್ಲಿಗೆ "ವಾಚ್ ಯುವರ್ ಸ್ಟೆಪ್", ತಗ್ಗಿದ ಬಾಗಿಲಿಗೆ "ಮೈಂಡ್ ಯುವರ್ ಹೆಡ್". ಸಕಲೇಶಪುರ, ಆಲೂರು ಕಡೆಯವರು ಮಾತ್ರ ಇನ್ನೊಂದು ವಾಕ್ಯವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂತಿರಬೇಕು: "ಪ್ಲೀಸ್ ಡೋಂಟ್ ಗೋ ಔಟ್ ಆಫ್ಟರ್ ಡಾರ್ಕ್. ದೇರ್ ಆರ್ ಎಲಿಫೆಂಟ್ಸ್ ಅರೌಂಡ್." ಇದನ್ನು ನಗುತ್ತ ಹೇಳಬೇಡಿ. ಪ್ರವಾಸಿಗರು ತಮಾಷೆಯೆಂದು ತಿಳಿದು ಟಾರ್ಚ್ ಹಿಡಿದು ಹೊರಟಾರು.

ತೋಟ ತೋರಿಸುವಾಗ ಮಾತು ಸಲೀಸು, ಏಕೆಂದರೆ ಅರ್ಧ ಪದಗಳು ನಮ್ಮವೇ ಆಗಿವೆ. "ದಿಸ್ ಈಸ್ ಅರೇಬಿಕಾ, ದಟ್ ಈಸ್ ರೊಬಸ್ಟಾ." "ವಿ ಗ್ರೋ ಇಟ್ ಇನ್ ದ ಶೇಡ್." "ವಿ ಪಿಕ್ ಇಟ್ ಬೈ ಹ್ಯಾಂಡ್." ಕಾಫಿ ಹೂವಿನ ಮಳೆಗೆ ಇಂಗ್ಲಿಷಿನಲ್ಲೂ "ಬ್ಲಾಸಮ್ ಶವರ್ಸ್" ಎನ್ನುತ್ತಾರೆ. ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ಹೇಳುವಾಗ "ದ ಸ್ಟೋರಿ ಗೋಸ್ ದಟ್" ಎಂದು ಶುರುಮಾಡಿ. "ಪ್ರತೀತಿಯಂತೆ" ಎನ್ನಲು ಅದಕ್ಕಿಂತ ಸಹಜವಾದ ಮಾತಿಲ್ಲ.

ಬೇಲೂರು, ಬೆಳಗೊಳದಲ್ಲಿ

ಗೈಡುಗಳಿಗೆ ಇತಿಹಾಸ ಗೊತ್ತಿರುತ್ತದೆ, ಅಂಕಿ ಓದುವಲ್ಲಿ ತಡವರಿಸುತ್ತಾರೆ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ 1117ನೇ ಇಸವಿಯನ್ನು "ಒನ್ ಥೌಸಂಡ್ ಒನ್ ಹಂಡ್ರೆಡ್" ಎಂದು ಎಳೆಯಬೇಡಿ. ಇಸವಿಯನ್ನು ಎರಡು ತುಂಡು ಮಾಡಿ ಓದುತ್ತಾರೆ: "ಇಲೆವೆನ್ ಸೆವೆಂಟೀನ್". ಮಂಜರಾಬಾದ್ ಕೋಟೆಯ 1792 "ಸೆವೆಂಟೀನ್ ನೈಂಟಿ-ಟೂ". "ದ ಟೆಂಪಲ್ ಡೇಟ್ಸ್ ಬ್ಯಾಕ್ ಟು ಇಲೆವೆನ್ ಸೆವೆಂಟೀನ್" ಎಂಬುದು ಪೂರ್ಣ ವಾಕ್ಯ. ವಿದೇಶಿಯರಿಗೆ ಲಕ್ಷ, ಕೋಟಿ ತಿಳಿಯದು. ಲಕ್ಷವನ್ನು "ಎ ಹಂಡ್ರೆಡ್ ಥೌಸಂಡ್" ಎನ್ನಬೇಕು.

ಕೆಲಸ ಹಿಡಿಯುವಾಗ "ಗೈಡ್, ಗೈಡ್" ಎಂದು ಹಿಂದೆ ಬೀಳುವುದಕ್ಕಿಂತ ಎದುರು ನಿಂತು "ಗುಡ್ ಮಾರ್ನಿಂಗ್. ಮೇ ಐ ಶೋ ಯು ಅರೌಂಡ್?" ಎನ್ನಿ. ಬೇಡವೆಂದರೆ "ನೋ ಪ್ರಾಬ್ಲಮ್. ಎಂಜಾಯ್ ಯುವರ್ ವಿಸಿಟ್." ಸುತ್ತು ಹಾಕಿ ಬೇಸತ್ತು ಅವರೇ ತಿರುಗಿ ಬರುವುದುಂಟು. ಚಪ್ಪಲಿ ಬಿಡಿಸಲು "ಪ್ಲೀಸ್ ಲೀವ್ ಯುವರ್ ಶೂಸ್ ಹಿಯರ್". ಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಬೇಕು, ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಮಧ್ಯಾಹ್ನ ಬಂದವರಿಗೆ "ದ ಸ್ಟೆಪ್ಸ್ ಗೆಟ್ ವೆರಿ ಹಾಟ್. ಸಾಕ್ಸ್ ವಿಲ್ ಹೆಲ್ಪ್." ಎಂದು ಹೇಳಿದರೆ ಅಲ್ಲೇ ಕಾಲುಚೀಲ ಮಾರುವವರಿಗೂ ಉಪಕಾರ. ಏದುಸಿರು ಬಿಡುವವರಿಗೆ "ಟೇಕ್ ಯುವರ್ ಟೈಮ್".

ದೂರು ಬಂದಾಗ

ಕರೆಂಟು ಹೋಗುತ್ತದೆ, ಗೀಸರ್ ಕೆಡುತ್ತದೆ, ಪಕ್ಕದ ಕೋಣೆಯವರು ರಾತ್ರಿ ಹನ್ನೊಂದಕ್ಕೆ ಹಾಡು ಹಾಕುತ್ತಾರೆ. ಮೊದಲು ಕಾರಣ ಹೇಳಲು ಹೋಗಬೇಡಿ. "ಐ ಆಮ್ ಸಾರಿ ಅಬೌಟ್ ದಟ್. ಲೆಟ್ ಮಿ ಲುಕ್ ಇಂಟು ಇಟ್." ಇಷ್ಟು ಹೇಳಿ ಹೋಗಿ ನೋಡಿ ಬನ್ನಿ, ಕಾರಣ ಆಮೇಲೆ. ಕರೆಂಟಿಗೆ "ದ ಪವರ್ ಈಸ್ ಔಟ್". ಹಾಡು ಹಾಕಿದವರಿಗೆ "ಕುಡ್ ಯು ಟರ್ನ್ ಇಟ್ ಡೌನ್ ಎ ಬಿಟ್, ಪ್ಲೀಸ್?" ಎಂದು ಒಮ್ಮೆ ಕೇಳಿ. ಎರಡನೆಯ ಸಲಕ್ಕೆ "ಪ್ಲೀಸ್" ಬಿಡಬಹುದು, "ಕುಡ್ ಯು" ಬಿಡಬೇಡಿ.

ನುಡಿಗಟ್ಟುಗಳು: ತಿಳಿದಿರಲಿ, ಆಡಬೇಕೆಂದಿಲ್ಲ

ಜೋರು ಮಳೆಗೆ ಶಾಲೆಯಲ್ಲಿ ನಮಗೆಲ್ಲ ಕಲಿಸಿದ "ಇಟ್ಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಎಂಬ ಬೆಕ್ಕು ನಾಯಿಗಳ ಮಳೆಯನ್ನು ಇಂದು ಆಡುವವರು ಕಡಿಮೆ. ಆಗುಂಬೆಯ ಕಡೆಯಿಂದ ಮೋಡ ಕವಿದು ಸುರಿಯುತ್ತಿದ್ದರೆ "ಇಟ್ಸ್ ಪೋರಿಂಗ್" ಎಂದರೆ ಮುಗಿಯಿತು. ನುಡಿಗಟ್ಟುಗಳನ್ನು ಹುಡುಕಿ ಪೋಣಿಸಿದ ಮಾತು ಭಾಷಣ ಸ್ಪರ್ಧೆಯ ವಾಸನೆ ಹೊಡೆಯುತ್ತದೆ. ಆದರೆ ಅತಿಥಿಗಳು ಆಡಿದಾಗ ಅರ್ಥವಾಗಬೇಕಲ್ಲ.

"ಅಂಡರ್ ದ ವೆದರ್" ಎಂದವರಿಗೆ ಹವಾಮಾನದ ವಿಚಾರ ಹೇಳಬೇಡಿ. ಅವರಿಗೆ ಮೈ ಸರಿಯಿಲ್ಲ, ಒಂದು ಲೋಟ ಕಷಾಯ ಕೊಡಿ. "ಐ ವಿಲ್ ಟೇಕ್ ಎ ರೇನ್ ಚೆಕ್" ಎಂಬುದು ಮಳೆ ಬರುತ್ತಿದೆಯೇ ಎಂದು ನೋಡುವುದಲ್ಲ. ಅಮೆರಿಕದ ಬೇಸ್‌ಬಾಲ್ ಪಂದ್ಯ ಮಳೆಯಿಂದ ನಿಂತರೆ ಮುಂದಿನ ಆಟಕ್ಕೆ ಬನ್ನಿ ಎಂದು ಚೀಟಿ ಕೊಡುತ್ತಿದ್ದರು, ಅಲ್ಲಿಂದ ಬಂದ ಮಾತು: ಈಗ ಬೇಡ, ಇನ್ನೊಮ್ಮೆ ನೋಡೋಣ. "ಲೆಟ್ಸ್ ಪ್ಲೇ ಇಟ್ ಬೈ ಇಯರ್" ಎಂದರೆ ಮೊದಲೇ ನಿರ್ಧರಿಸುವುದು ಬೇಡ, ಆಗಿನದು ಆಗ. ಹಾಗೆಂದವರಿಗೆ ಜೀಪು ಕಾಯ್ದಿರಿಸಬೇಡಿ. "ಲೆಟ್ಸ್ ಕಾಲ್ ಇಟ್ ಎ ಡೇ" ಎಂದರೆ ಇವತ್ತಿಗೆ ಸಾಕು, ಗಾಡಿ ತಿರುಗಿಸಿ. "ಇಟ್ ಕಾಸ್ಟ್ಸ್ ಆನ್ ಆರ್ಮ್ ಅಂಡ್ ಎ ಲೆಗ್" ಎಂದು ಅವರವರೇ ಮಾತಾಡಿಕೊಂಡರೆ ನಿಮ್ಮ ದರ ಹೆಚ್ಚಾಯಿತೆಂದು ತಿಳಿಯಿರಿ.

"ವೇಕ್ ಅಪ್ ಅಂಡ್ ಸ್ಮೆಲ್ ದ ಕಾಫಿ" ಎಂಬುದನ್ನು ಗೋಡೆಯ ಮೇಲೆ ಚೆಂದದ ಅಕ್ಷರದಲ್ಲಿ ಬರೆಸುವ ಆಸೆ ಕಾಫಿ ನಾಡಿನಲ್ಲಿ ಹುಟ್ಟುವುದು ಸಹಜ. ಮಾತಿನಲ್ಲಿ ಬಳಸಿದಾಗ ಅದು ಕಾಫಿಗೆ ಕರೆದಂತಲ್ಲ, "ಭ್ರಮೆ ಬಿಟ್ಟು ಕಣ್ಣು ತೆರೆ" ಎಂಬ ಗದರಿಕೆ. ಗೋಡೆಯ ಮೇಲಿದ್ದರೆ ನಗುತ್ತಾರೆ, ಪರವಾಗಿಲ್ಲ. ಅತಿಥಿಯ ಮುಖ ನೋಡಿ ಹೇಳಬೇಡಿ.

ನಮ್ಮದೇ ದೇಶದ ಇಂಗ್ಲಿಷಿನ ಮಾತೂ ಇಷ್ಟಿದೆ. ದೆಹಲಿ, ಚೆನ್ನೈನವರೊಂದಿಗೆ "ಔಟ್ ಆಫ್ ಸ್ಟೇಷನ್", "ಗುಡ್ ನೇಮ್" ಚೆನ್ನಾಗಿಯೇ ನಡೆಯುತ್ತವೆ, ಅವುಗಳನ್ನು ತಪ್ಪೆಂದು ಹೀಗಳೆಯುವವರ ಮಾತು ನನಗೆ ಹಿಡಿಸುವುದಿಲ್ಲ. ವಿದೇಶಿಯರೊಂದಿಗೆ ಮಾತ್ರ ಸ್ವಲ್ಪ ಎಚ್ಚರ. ಮಗ ಕಾಲೇಜಿನಲ್ಲಿ "ಪಾಸ್ಡ್ ಔಟ್" ಎಂದರೆ ಅವರಿಗೆ ಹುಡುಗ ಮೂರ್ಛೆ ಹೋದಂತೆ ಕೇಳಿಸುತ್ತದೆ, "ಗ್ರಾಜುಯೇಟೆಡ್" ಎನ್ನಿ. ಪ್ರಶ್ನೆ ಕೇಳುವಾಗ "ಐ ಹ್ಯಾವ್ ಎ ಡೌಟ್" ಎಂದರೆ ನೀವು ಅವರನ್ನು ನಂಬುತ್ತಿಲ್ಲವೇನೋ ಎಂದುಕೊಂಡಾರು; "ಐ ಹ್ಯಾವ್ ಎ ಕ್ವೆಶ್ಚನ್" ಎಂದರಾಯಿತು.

ಬಾಯಿಗೆ ಹತ್ತಿಸುವುದು

ಪಟ್ಟಿಯಿಂದ ವಾರಕ್ಕೆ ಐದು ವಾಕ್ಯ ಆರಿಸಿ, ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಓದಿಕೊಂಡದ್ದು ನಾಲಿಗೆಗೆ ಬರುವುದಿಲ್ಲ. ಮನೆಯಲ್ಲಿ ಒಬ್ಬರು ಅತಿಥಿಯಾಗಲಿ. ಹೈಸ್ಕೂಲಿಗೆ ಹೋಗುವ ಮಕ್ಕಳು ಈ ಪಾತ್ರವನ್ನು ಬಹಳ ಕಟ್ಟುನಿಟ್ಟಾಗಿ ಮಾಡುತ್ತಾರೆ. ಇಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿರುವುದು ಊರುಗೋಲು ಮಾತ್ರ. ಮೊಬೈಲಿನ ಅನುವಾದ ಆ್ಯಪ್‌ಗಳಲ್ಲಿ ಧ್ವನಿಯ ಗುರುತು ಒತ್ತಿದರೆ ವಾಕ್ಯ ಕೇಳಿಸುತ್ತದೆ. ಕೇಳಿ, ಹಿಂದೆಯೇ ಹೇಳಿ.

ಕೆಲವು ಪದಗಳನ್ನು ಬರೆದಂತೆ ಓದಿದರೆ ಎದುರಿನವರಿಗೆ ತಿಳಿಯುವುದಿಲ್ಲ. ಬೆಳಗಿನ ತಿಂಡಿ "ಬ್ರೆಕ್‌ಫಸ್ಟ್", "ಬ್ರೇಕ್ ಫಾಸ್ಟ್" ಅಲ್ಲ. ತರಕಾರಿ "ವೆಜ್ಟಬಲ್", ನಡುವೆ "ಟೇಬಲ್" ಇಲ್ಲ. ಬುಧವಾರ "ವೆನ್ಸ್‌ಡೇ". "ಲಿವ್" ಎಂದರೆ ವಾಸಿಸು, "ಲೀವ್" ಎಂದರೆ ಹೊರಡು, "ವೆನ್ ಡು ಯು ಲೀವ್?" ಎಂದು ಕೇಳುವಾಗ ದೀರ್ಘ ಇರಲಿ.

ದುಡ್ಡಿನ ಮಾತಿನಲ್ಲಿ ಇನ್ನೂ ಒಂದು ಅಪಾಯ. "ಫಿಫ್ಟೀನ್" ಮತ್ತು "ಫಿಫ್ಟಿ", "ಸೆವೆಂಟೀನ್" ಮತ್ತು "ಸೆವೆಂಟಿ" ನಮ್ಮ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ಹದಿನೈದಕ್ಕೆ "ಟೀನ್" ಎಂಬುದನ್ನು ಎಳೆದು ಒತ್ತಿ ಹೇಳಬೇಕು, ಐವತ್ತಕ್ಕೆ ಒತ್ತು ಮೊದಲಿನ "ಫಿಫ್" ಮೇಲೆ. ಹದಿನೈದು ನೂರಕ್ಕೆ "ಫಿಫ್ಟೀನ್ ಹಂಡ್ರೆಡ್" ಎಂದ ಮೇಲೂ "ಒನ್, ಫೈವ್, ಝೀರೊ, ಝೀರೊ" ಎಂದು ಬಿಡಿಸಿ ಹೇಳಿ, ಅಥವಾ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ಅವರ ಮುಂದೆ ಹಿಡಿಯಿರಿ. ಲೆಕ್ಕ ತೀರಿಸುವ ಹೊತ್ತಿನಲ್ಲಿ ಅಲ್ಲ, ಜೀಪು ಹತ್ತುವ ಮುಂಚೆ.